ಪ್ಲೈವುಡ್ಡಿನ ಆಚೆಗೆ ಹೋದ ಚೀಟಿಗಳು

ದೊಡ್ಡಕ್ಕನಿಗೂ ಚಿಕ್ಕಕ್ಕನಿಗೂ ನಡುವೆ ಇದ್ದದ್ದು ಒಂದು ಪ್ಲೈವುಡ್ ಗೋಡೆ. ಈಚೆ ದೊಡ್ಡಕ್ಕ, ಆಚೆ ಚಿಕ್ಕಕ್ಕ. ಒಬ್ಬಳು ಕೆಮ್ಮಿದರೆ ಇನ್ನೊಬ್ಬಳಿಗೆ ಕೇಳಿಸುತ್ತಿತ್ತು. ಒಬ್ಬಳ ಕತ್ತರಿ ಕೈಜಾರಿ ಬಿದ್ದರೆ ಇನ್ನೊಬ್ಬಳ ಎದೆ ಧಸಕ್ಕೆನ್ನುತ್ತಿತ್ತು. ಆದರೂ ಆ ಗೋಡೆ ಎದ್ದ ದಿನದಿಂದ ಇಬ್ಬರ ನಡುವೆ ಮಾತಿಲ್ಲ, ಕತೆಯಿಲ್ಲ.

ಇಬ್ಬರೂ ವಾರಗಿತ್ತಿಯರು. ಅಣ್ಣತಮ್ಮಂದಿರನ್ನು ಕಟ್ಟಿಕೊಂಡು ಒಂದೇ ಮನೆಗೆ ಬಂದವರು. ಒಂದೇ ಅಂಗಡಿಯಲ್ಲಿ ಎದುರುಬದುರು ಮಿಷನ್ ಹಾಕಿಕೊಂಡು ಕೂತವರು. ಅಂಗಡಿಯೆಂದರೆ ಹೊಸ ಬಟ್ಟೆ ಹೊಲಿಯುವ ಅಂಗಡಿಯಲ್ಲ. ಉದ್ದವಾದದ್ದನ್ನು ಗಿಡ್ಡ ಮಾಡುವುದು, ಬಿಗಿಯಾದದ್ದನ್ನು ಬಿಚ್ಚಿ ಸಡಿಲಿಸುವುದು, ಕೆಟ್ಟ ಜಿಪ್ಪು ಕಿತ್ತು ಬೇರೆ ಹಾಕುವುದು, ಕೋಟಿನ ಒಳಬಟ್ಟೆ ಬದಲಿಸುವುದು, ಇಂಥ ಕೆಲಸ. ಗಿರಾಕಿಗಳೇ ಅವರಿಗೆ ದೊಡ್ಡಕ್ಕ, ಚಿಕ್ಕಕ್ಕ ಎಂದು ಹೆಸರಿಟ್ಟದ್ದು. ಆ ಹೆಸರು ಎಷ್ಟು ಅಂಟಿಕೊಂಡಿತೆಂದರೆ, ಅವರ ಗಂಡಂದಿರೂ ಆಗಾಗ ಹಾಗೇ ಕೂಗಿಬಿಡುತ್ತಿದ್ದರು.

ಜಗಳಕ್ಕೆ ಕಾರಣ ಒಂದು ಇಸ್ತ್ರಿ ಪೆಟ್ಟಿಗೆ. ಯಾರದೋ ಮದುವೆಯ ಕೋಟು, ಬೆನ್ನಿನ ಮೇಲೆ ಪೆಟ್ಟಿಗೆ ಹಾಗೇ ಕೂತು, ಅದರ ಆಕಾರಕ್ಕೆ ಸರಿಯಾಗಿ ಸುಟ್ಟು ಹೋಯಿತು. ಪೆಟ್ಟಿಗೆಯನ್ನು ಎತ್ತದೆ ಎದ್ದು ಹೋದವಳು ಅವಳು ಎಂದು ಇವಳು. ಇವಳು ಎಂದು ಅವಳು. ಗಿರಾಕಿ ಬೀದಿಯಲ್ಲಿ ನಿಂತು ಇಬ್ಬರ ಮಾನ ಹರಾಜು ಹಾಕಿ ಹೋದ. ಸಂಜೆಯೊಳಗೆ ಇಬ್ಬರೂ ಒಬ್ಬರಿಗೊಬ್ಬರು ಆಡಬಾರದ್ದನ್ನೆಲ್ಲ ಆಡಿ ಮುಗಿಸಿದ್ದರು. ಆಮೇಲೆ ಬಡಗಿ ಬಂದು ಗೋಡೆ ಎಬ್ಬಿಸಿದ. ಅವನು ಕೆಲಸ ಮಾಡಿದ್ದು ಅವಸರದಲ್ಲಿ. ಫ್ಯಾನು ಚಿಕ್ಕಕ್ಕನ ಕಡೆ ಹೋಯಿತು, ಅದರ ರೆಗ್ಯುಲೇಟರ್ ದೊಡ್ಡಕ್ಕನ ಕಡೆ ಉಳಿಯಿತು. ಟ್ಯೂಬ್‌ಲೈಟು ದೊಡ್ಡಕ್ಕನ ಕಡೆ, ಅದರ ಸ್ವಿಚ್ಚು ಚಿಕ್ಕಕ್ಕನ ಕಡೆ. ಸೆಕೆ ಏರಿದ ಮಧ್ಯಾಹ್ನ ದೊಡ್ಡಕ್ಕ ಫ್ಯಾನನ್ನು ಇರುವೆ ನಡಿಗೆಗೆ ಇಳಿಸುತ್ತಿದ್ದಳು. ಅತ್ತ ಕಡೆಯಿಂದ ಸ್ವಿಚ್ಚು ಟಪ್ಪೆನ್ನುತ್ತಿತ್ತು. ಇತ್ತ ದೊಡ್ಡಕ್ಕ ಕತ್ತಲಲ್ಲಿ ಸೂಜಿ ಹಿಡಿದು ಕೂರುತ್ತಿದ್ದಳು. ವಾರಕ್ಕೊಮ್ಮೆಯಾದರೂ ಈ ಆಟ ನಡೆಯಲೇಬೇಕು. ಬೇರೆ ವೈರು ಎಳೆಸೋಣವೆಂದು ಗಂಡಂದಿರು ಅಂದರೆ ಇಬ್ಬರೂ ಒಪ್ಪುತ್ತಿರಲಿಲ್ಲ. ಕೈಗೆ ಸಿಕ್ಕ ಆಯುಧವನ್ನು ಯಾರು ಬಿಟ್ಟುಕೊಡುತ್ತಾರೆ?

ಹೀಗಿರುವಾಗ ಒಂದು ದಿನ ಬ್ಯಾಂಡ್ ಮೇಷ್ಟ್ರು ಬಂದರು. ಸಾರಿಗೆ ಕಂಪನಿಯೊಂದರ ವಾದ್ಯತಂಡಕ್ಕೆ ಅವರು ಮುಖ್ಯಸ್ಥರು. ದಪ್ಪ ಮೀಸೆ, ಅದಕ್ಕಿಂತ ದಪ್ಪ ಹೊಟ್ಟೆ. ತಂಡಕ್ಕೆ ಹೊಸ ಹುಡುಗರು ಸೇರಿದ್ದರು; ಹಳಬರ ಕೆಂಪು ಕೋಟುಗಳನ್ನು ಹೊಸಬರ ಮೈಗೆ ಹೊಂದಿಸಿಕೊಡಬೇಕಿತ್ತು. ಗಂಟು ಬಿಚ್ಚಿ ಕೋಟುಗಳನ್ನು ಮೇಜಿನ ಮೇಲೆ ಹಾಕಿ, "ಒಂದು ಮಾತು ದೊಡ್ಡಕ್ಕ. ಕೈಯಲ್ಲಿ ಬರೆದ ಚೀಟಿ ನಮ್ಮ ಆಫೀಸಲ್ಲಿ ನಡೆಯಲ್ಲ. ಮಿಷನ್ ಬಿಲ್ಲೇ ಬೇಕು," ಎಂದರು.

"ನನ್ನ ಅಕ್ಷರ ಮುತ್ತಿನ ಹಾಗಿದೆ, ಮೇಷ್ಟ್ರೇ."

"ಇರಬಹುದು. ಮುತ್ತು ಅವರಿಗೆ ಬೇಡ. ಪಕ್ಕದವರ ಹತ್ತಿರ ಇದೆಯಲ್ಲ, ಕೈಲಿ ಹಿಡಿಯೋ ಡಬ್ಬಿ, ಅಂಥದ್ದರಲ್ಲಿ ಬಂದದ್ದು ಬೇಕು."

ಪಕ್ಕದವರು ಎಂಬ ಮಾತಿಗೇ ದೊಡ್ಡಕ್ಕನ ಮೈ ಉರಿಯಿತು. ಮೇಷ್ಟ್ರು ಹೊರಟದ್ದನ್ನು ಬಾಗಿಲಿಗೆ ಬಂದು ನೋಡಿದಳು. ಅವರು ಬೀದಿಗಿಳಿಯಲಿಲ್ಲ. ಕಂಕುಳಲ್ಲಿ ಇನ್ನೊಂದು ಗಂಟು ಇಟ್ಟುಕೊಂಡು ನೇರ ಪಕ್ಕದ ಬಾಗಿಲಿಗೆ ನುಗ್ಗಿದರು. ಅರ್ಧ ಕೋಟು ಇಲ್ಲಿ, ಅರ್ಧ ಅಲ್ಲಿ! ಸ್ವಲ್ಪ ಹೊತ್ತಿಗೆ ಪ್ಲೈವುಡ್ಡಿನ ಆಚೆಯಿಂದ ಜರ್‌ರ್ ಎಂಬ ಸದ್ದು ಬಂತು. ಚಿಕ್ಕಕ್ಕನ ಡಬ್ಬಿ ಬಿಲ್ಲು ಕೊಡುತ್ತಿತ್ತು. ಆ ಸದ್ದಿನಲ್ಲಿ ಎಷ್ಟು ಸೊಕ್ಕಿತ್ತೆಂದರೆ, ದೊಡ್ಡಕ್ಕ ಎದ್ದು ಹೋಗಿ ಫ್ಯಾನನ್ನು ಪೂರ್ತಿ ನಿಲ್ಲಿಸಿಯೇಬಿಟ್ಟಳು.

ಮರುದಿನ ಬೆಳಿಗ್ಗೆ ಅವಳ ಗಂಡ ಮೊಬೈಲ್ ಅಂಗಡಿಯಿಂದ ಅಂಥದೇ ಡಬ್ಬಿ ತಂದ. ಅವನು ಗುಂಡಿಗೆ ಕಾಜ ಹೊಡೆಯುವವನು. ಮಾತು ಕಡಿಮೆ, ಇರುವ ಮಾತನ್ನೂ ಹೆಂಡತಿಯ ಮುಖ ನೋಡಿ ಆಡುವವನು. ಡಬ್ಬಿ ಕಪ್ಪಗೆ, ಕೈಮುಷ್ಟಿಗಿಂತ ಸ್ವಲ್ಪ ದೊಡ್ಡದಾಗಿತ್ತು. ಸೊಂಟಕ್ಕೆ ಸಿಕ್ಕಿಸಿಕೊಳ್ಳಲು ಹಿಂದೊಂದು ಕೊಂಡಿ. ಮುಚ್ಚಳ ತೆಗೆದರೆ ಒಳಗೆ ಕಾಗದದ ಸುರುಳಿ ಕೂರಲು ಗುಳಿ.

"ಇಂಕು ಎಲ್ಲಿ ಹಾಕಬೇಕು?" ಎಂದಳು ದೊಡ್ಡಕ್ಕ.

"ಇಂಕೇ ಬೇಡವಂತೆ. ಕಾಗದಕ್ಕೆ ಶಾಖ ತಾಗಿ ಅಕ್ಷರ ಮೂಡುತ್ತಂತೆ."

"ಸುಟ್ಟು ಬರೆಯೋದು ಅನ್ನಿ. ಈ ಅಂಗಡಿಗೆ ತಕ್ಕದ್ದೇ."

ಚಾರ್ಜಿಗೆ ಹಾಕಿ, ತುಂಬಿದ ಮೇಲೆ ಸುರುಳಿ ಕೂರಿಸಿ ಗುಂಡಿ ಒತ್ತಿದರು. ಕಾಗದವೇನೋ ನಾಲಿಗೆ ಚಾಚಿದ ಹಾಗೆ ಸರಸರ ಹೊರಬಂತು. ಆದರೆ ಅದರ ಮೇಲೆ ಒಂದು ಚುಕ್ಕೆಯೂ ಇಲ್ಲ. ಮತ್ತೆ ಒತ್ತಿದರು, ಮತ್ತೆ ಬೆಳ್ಳಗೆ. "ಮೊದಲೇ ಹೇಳಿದೆ, ಒಳ್ಳೇದು ನೋಡಿ ತನ್ನಿ ಅಂತ," ಎಂದು ದೊಡ್ಡಕ್ಕ ಶುರುಮಾಡಿದಳು. ಅವಳು ಹಾಗೆ ಹೇಳಿರಲಿಲ್ಲ. ಗಂಡ ಅದನ್ನು ಎತ್ತಿ ಆಡದೆ, ಡಬ್ಬಿಯ ಜೊತೆ ಬಂದಿದ್ದ ಇರುವೆ ಅಕ್ಷರದ ಹಾಳೆಯನ್ನು ಕಿಟಕಿಯ ಬೆಳಕಿಗೆ ಹಿಡಿದು ಓದಿದ. ಸುರುಳಿಗೆ ಒಂದೇ ಮಗ್ಗುಲಲ್ಲಿ ಮದ್ದು ಸವರಿರುತ್ತದೆ, ಉಗುರಿನಿಂದ ಗೀರಿದಾಗ ಕಪ್ಪು ಗೆರೆ ಬಿದ್ದರೆ ಅದೇ ಬರೆಯುವ ಮಗ್ಗುಲು ಎಂದಿತ್ತು. ಗೀರಿ ನೋಡಿ ಸುರುಳಿಯನ್ನು ತಿರುಗಿಸಿ ಹಾಕಿದ. ಈ ಸಲ ಡಬ್ಬಿ ತನ್ನ ಗೋತ್ರ ಪ್ರವರವನ್ನೆಲ್ಲ ಒಂದು ಉದ್ದ ಪಟ್ಟಿಯಲ್ಲಿ ಒದರಿತು.

"ಆಯ್ತಲ್ಲ," ಎಂದ ಗಂಡ, ಹೊಗಳಿಕೆ ಬರಬಹುದೆಂದು ಕಾದು.

"ಅದಕ್ಕೆ ಬೇಕಾದ್ದು ಅದು ಬರೀತು. ನನಗೆ ಬೇಕಾದ್ದು ಬರೀಲಿ, ನೋಡೋಣ."

ಅದಕ್ಕೆ ಫೋನಿನ ಜೊತೆ ಡಬ್ಬಿಯನ್ನು ಜೋಡಿಸಬೇಕು. ಅವಳ ಫೋನಿಗೆ ಬಿಲ್ಲಿನ ಆ್ಯಪ್ ಅನ್ನು ಗಂಡ ಅಂಗಡಿಯಲ್ಲೇ ಹಾಕಿಸಿಕೊಂಡು ಬಂದಿದ್ದ. ಬ್ಲೂಟೂತ್ ತೆರೆದಾಗ ಹತ್ತಿರದ ಯಂತ್ರಗಳ ಹೆಸರು ಬಂದವು. ಅಕ್ಷರ, ಅಂಕಿ ಕಲಸಿದ ಒಂದು ಹೆಸರು; ಅದರ ಕೆಳಗೆ ಅದೇ ಹೆಸರು ಇನ್ನೊಂದು ಸಲ.

"ಒಂದೇ ಹೆಸರು ಎರಡು ಸಲ ಯಾಕಿದೆ?"

"ಫೋನು ಹಳೇದಲ್ವಾ, ತೊದಲುತ್ತೆ," ಎಂದ ಗಂಡ.

ಅವಳು ಮೇಲಿನದನ್ನು ಒತ್ತಿದಳು. ಗುಪ್ತ ಸಂಖ್ಯೆ ಕೇಳಿತು. ಹಾಳೆಯಲ್ಲಿದ್ದ ಹಾಗೆ ಸೊನ್ನೆಗಳನ್ನು ಹಾಕಿದಳು. ಜೋಡಣೆಯಾಯಿತು ಎಂದಿತು ಫೋನು. ಬಿಲ್ಲಿನ ತಲೆಬರಹದ ಜಾಗದಲ್ಲಿ ಅಂಗಡಿಯ ಹೆಸರು ಬರೆದು, ಮುದ್ರಿಸು ಎಂಬುದನ್ನು ಒತ್ತಿ, ಡಬ್ಬಿಯ ಬಾಯಿಯನ್ನೇ ನೋಡುತ್ತ ಕೂತಳು. ಮುದ್ರಣ ಮುಗಿಯಿತು ಎಂದಿತು ಫೋನು. ಡಬ್ಬಿ ಹಸಿರು ದೀಪ ಮಿನುಗಿಸಿಕೊಂಡು ಗಪ್‌ಚುಪ್ ಕೂತಿತ್ತು.

ಅದೇ ಹೊತ್ತಿಗೆ ಗೋಡೆಯ ಆಚೆ ಜರ್‌ರ್ ಎಂದು ಸದ್ದಾಯಿತು.

"ಅವಳಿಗೆ ಬೆಳಿಗ್ಗೆನೇ ಗಿರಾಕಿ," ಎಂದು ದೊಡ್ಡಕ್ಕ ಹಲ್ಲು ಕಡಿದಳು.

ಮತ್ತೆ ಒತ್ತಿದಳು. ಈಚೆ ಮೌನ, ಆಚೆ ಜರ್‌ರ್. ಇನ್ನೊಮ್ಮೆ ಒತ್ತಿದರೂ ಅದೇ ಕತೆ. ತನ್ನದು ಬಾಯಿ ಬಿಡದಿದ್ದಾಗಲೆಲ್ಲ ಚಿಕ್ಕಕ್ಕನದು ಬೇಕೆಂದೇ ಕೂಗುತ್ತಿದೆ ಎನ್ನಿಸಿ ಅವಳ ತಲೆ ಕೆಟ್ಟಿತು. ಅಂಗಡಿಯ ಹೆಸರನ್ನು ಅಳಿಸಿ ಆ ಜಾಗದಲ್ಲಿ, ಮಿಷನ್ ತುಳಿಯುವಷ್ಟೇ ರಭಸದಿಂದ, ಬಾಯಿಗೆ ಬಂದದ್ದನ್ನು ಬರೆಯತೊಡಗಿದಳು. ಮೊದಲು "ಬಾ" ಎಂದಷ್ಟೇ ಬರೆದು ಒತ್ತಿದಳು. ಆಮೇಲೆ "ಬಾ ಅಂದ್ರೆ ಬಾ". ಆಮೇಲೆ "ಬಾಯಿ ಬಿಡೇ ಮೂದೇವಿ". ಗಂಡ ಇಣುಕಿ ನೋಡಿ, "ಅದಕ್ಕೆ ಬೈದರೆ ಏನು ಬಂತು?" ಎಂದ. "ಮನಸ್ಸಿಗೆ ತಂಪು ಬಂತು," ಎಂದು ಅವಳು ಮುಂದುವರಿಸಿದಳು. "ನಿನ್ನನ್ನು ಈ ಮನೆಗೆ ತಂದದ್ದೇ ತಪ್ಪು." "ತಿನ್ನೋಕೆ ಮುಂದೆ, ಕೆಲಸಕ್ಕೆ ಹಿಂದೆ." ಕೊನೆಗೆ, ಆಚೆಯ ಸದ್ದು ಕೇಳಿ ಕೇಳಿ ಸಾಕಾಗಿ, "ಆ ಇಸ್ತ್ರಿ ಸುಟ್ಟವಳ ಮುಂದೆ ನನ್ನ ಮಾನ ಕಳೀಬೇಡ" ಎಂದು ಬರೆದು ಒತ್ತಿದಳು.

ಆಚೆ ಜರ್‌ರ್ ಎಂದಿತು. ಆಮೇಲೆ ಸ್ಟೂಲು ಹಿಂದಕ್ಕೆ ಸರಿದ ಸದ್ದು. ಆಮೇಲೆ ಚಪ್ಪಲಿಯ ಸದ್ದು, ಬಾಗಿಲಿನತ್ತ.

ಚಿಕ್ಕಕ್ಕ ಈ ಹೊಸ್ತಿಲು ತುಳಿದು ವರ್ಷಗಳಾಗಿದ್ದವು. ಸಣ್ಣ ಆಳು, ಚೂಪು ಮೂಗು. ಕೆಲಸದ ಮಧ್ಯೆ ಎದ್ದು ಬಂದಿದ್ದರಿಂದ ತುಟಿಗಳ ನಡುವೆ ಗುಂಡುಪಿನ್ನುಗಳನ್ನು ಕಚ್ಚಿಕೊಂಡಿದ್ದಳು. ಕೈಯಲ್ಲಿ ಉದ್ದನೆಯ ಕಾಗದದ ಪಟ್ಟಿ ನೆಲಕ್ಕೆ ಜೋತಾಡುತ್ತಿತ್ತು. ಪಿನ್ನುಗಳನ್ನು ಒಂದೊಂದಾಗಿ ಅಂಗೈಗೆ ತೆಗೆದುಕೊಂಡಳು. ಅವಸರವಿಲ್ಲ.

"ಕರೆದ್ರಲ್ಲ, ಬಂದೆ," ಎಂದಳು.

"ಯಾರು ಕರೆದ್ರು ನಿನ್ನ?"

"'ಬಾ.' 'ಬಾ ಅಂದ್ರೆ ಬಾ.' ಇಷ್ಟು ಬಾಯ್ತುಂಬ ಕರೆದ ಮೇಲೆ ಬರದೇ ಇದ್ದರೆ ಚೆನ್ನಾಗಿರುತ್ತಾ?" ಪಟ್ಟಿಯನ್ನು ಕೈಯಿಂದ ಕೈಗೆ ಸರಿಸುತ್ತ ಶಾಲೆಯ ಮಗುವಿನಂತೆ ಸ್ಪಷ್ಟವಾಗಿ ಓದಿದಳು. "'ಬಾಯಿ ಬಿಡೇ ಮೂದೇವಿ.' ಬಿಟ್ಟೆ, ನೋಡಿ. 'ನಿನ್ನನ್ನು ಈ ಮನೆಗೆ ತಂದದ್ದೇ ತಪ್ಪು.' ಇದನ್ನ ಅತ್ತೆ ಬದುಕಿದ್ದಾಗ ಅವರೂ ಅನ್ನಲಿಲ್ಲ. ನೀವು ಅಂದ್ರಿ. 'ತಿನ್ನೋಕೆ ಮುಂದೆ.' ನಿಮ್ಮ ಮನೇಲಿ ನಾನು ಊಟ ಮಾಡಿ ಎಷ್ಟು ಕಾಲವಾಯ್ತು, ಅದಾದರೂ ನೆನಪಿದೆಯಾ?"

ದೊಡ್ಡಕ್ಕ ತನ್ನ ಫೋನನ್ನು ನೋಡಿದಳು, ಡಬ್ಬಿಯನ್ನು ನೋಡಿದಳು, ಆ ಪಟ್ಟಿಯನ್ನು ನೋಡಿದಳು. ಮೊದಲು ಅರ್ಥವಾದದ್ದು ಗಂಡನಿಗೆ. "ಅಯ್ಯೋ, ಅದು ನಿನ್ನ ಡಬ್ಬಿಗೆ ಜೋಡಿಸಿಕೊಂಡಿದೆ ಕಣಮ್ಮ! ಎರಡಕ್ಕೂ ಒಂದೇ ಹೆಸರು. ಇವಳು ಬೈದದ್ದು ನಿನಗಲ್ಲ, ಡಬ್ಬಿಗೆ. ಬರೀ ಡಬ್ಬಿಗೆ!"

"ಡಬ್ಬಿಗಾ?" ಚಿಕ್ಕಕ್ಕ ಪಟ್ಟಿಯ ಕೊನೆಯ ತುಂಡನ್ನು ಹರಿದು ಮೇಜಿನ ಮೇಲೆ ಇಟ್ಟಳು. "ಹಾಗಾದ್ರೆ ಇದನ್ನೂ ಓದಿ, ಭಾವ. ನಿಮ್ಮ ಡಬ್ಬಿ ಯಾವತ್ತು ಇಸ್ತ್ರಿ ಹಾಕಿತ್ತು?"

ಅವನು ಓದಿ, ಹಾಗೇ ಕೆಳಗಿಟ್ಟ.

ತಪ್ಪಾಯಿತು ಎಂದು ಒಂದು ಮಾತು ಬಾಯಿಗೆ ಬರಬಹುದಿತ್ತು. ಆದರೆ ವಾರಗಿತ್ತಿ ತನ್ನನ್ನು ನೀವು, ನೀವು ಎಂದು ಕರೆಯುತ್ತಿದ್ದ ರೀತಿಯೇ ದೊಡ್ಡಕ್ಕನಿಗೆ ಚುಚ್ಚುತ್ತಿತ್ತು. ಮೊದಲೆಲ್ಲ ಅಕ್ಕ ಎಂದು ಸೇರಿಸಿ ಅನ್ನುತ್ತಿದ್ದಳು. ಈಗ ಬ್ಯಾಂಕಿನವರು ಕರೆದ ಹಾಗಿತ್ತು.

"ಹೌದು, ಬರೆದೆ. ಇದ್ದದ್ದನ್ನೇ ಬರೆದೆ," ಎಂದಳು.

"ನಾನು ಸುಡಲಿಲ್ಲ. ಪೆಟ್ಟಿಗೆ ಕೊನೆಗೆ ನಿಮ್ಮ ಕೈಲಿತ್ತು."

"ನನ್ನ ಕೈಲಿತ್ತಾ? ನಾನು ಗುಂಡಿ ಹುಡುಕೋಕೆ ಎದ್ದೆ. ನೀನು ಇಸ್ಕೊಂಡೆ."

"ಇಸ್ಕೊಳ್ಳಲಿಲ್ಲ! ಗಿರಾಕಿ ಬಂದ ಅಂತ ನೀನೇ ಬಿಟ್ಟು ಹೋದೆ! ನೀನೇ!"

ನೀನು ಎಂದಿದ್ದಳು ಚಿಕ್ಕಕ್ಕ. ಕಳೆದ ಸಲದ ದೊಡ್ಡ ಜಗಳದಲ್ಲೂ ಆ ಗೆರೆ ದಾಟಿರಲಿಲ್ಲ. ಬಾಯಿ ಜಾರಿದ್ದು ಅವಳಿಗೂ ಗೊತ್ತಾಗಿ ಕೆನ್ನೆ ಕೆಂಪಾಯಿತು. ಆದರೆ ಹಿಂದಕ್ಕೆ ತೆಗೆದುಕೊಳ್ಳಲಿಲ್ಲ.

"ನೀನು ಅಂತೀಯಾ ನನಗೆ?" ದೊಡ್ಡಕ್ಕನ ದನಿ ಇಳಿಯಿತು. "ನಿನಗೆ ಸೂಜಿ ಹಿಡಿಯೋದು ಕಲಿಸಿದವಳಿಗೆ?"

"ಕಲಿಸಿದ್ದನ್ನ ಎಷ್ಟು ಸಲ ಹೇಳ್ತೀಯ? ಕಲಿಸಿದ್ದಕ್ಕೆ ಬಿಲ್ ಹೊಡಿ, ಹೊಸ ಡಬ್ಬಿ ಇದೆಯಲ್ಲ! ಅಂದ ಹಾಗೆ, ನಿನ್ನ ಬೈಗುಳಕ್ಕೇ ನನ್ನ ಸುರುಳಿ ಪೂರ್ತಿ ಖಾಲಿಯಾಯ್ತು. ಇನ್ನೊಂದು ವಿಷಯ ತಿಳ್ಕೋ. ನೀನು ನಮ್ಮ ನೆರಳು ಕಂಡರೆ ಉರೀತೀಯಲ್ಲ, ನಿನ್ನ ಯಜಮಾನರು ದಿನಾ ಹಿಂದಿನ ಬಾಗಿಲಲ್ಲಿ ಬಂದು ನಮ್ಮಲ್ಲಿ ಚಹಾ ಕುಡಿದು ಹೋಗ್ತಾರೆ. ಕೇಳು ಬೇಕಾದ್ರೆ."

ದೊಡ್ಡಕ್ಕ ಗಂಡನತ್ತ ತಿರುಗಿದಳು. ಅವನು ಒಂದು ಕಾಜವನ್ನು ಕಣ್ಣಿನ ಹತ್ತಿರ ಹಿಡಿದು ಬಹಳ ಆಳವಾಗಿ ಪರೀಕ್ಷಿಸುತ್ತಿದ್ದ. ಇತ್ತ ಪಟ್ಟಿಯನ್ನೆಲ್ಲ ಮುದುಡಿ ಮೇಜಿನ ಮೇಲೆ ಎಸೆದು ಚಿಕ್ಕಕ್ಕ ಹೊರಟುಹೋದಳು. ಎರಡೇ ಗಳಿಗೆಗೆ ಟ್ಯೂಬ್‌ಲೈಟು ಆರಿತು.

ಅವತ್ತು ಮನೆಯಲ್ಲಿ ನಡೆದದ್ದನ್ನು ಹೇಳಿ ಫಲವಿಲ್ಲ. ಚಹಾದ ಮಾತು ಎದ್ದಿತು, ನಂಬಿಕೆದ್ರೋಹದ ಮಾತು ಎದ್ದಿತು. ಗಂಡ, "ಅವನು ನನ್ನ ತಮ್ಮ, ನಾನೇನು ಗೋಡೆ ಕಟ್ಟಿಸಿಕೊಂಡವನಲ್ಲ," ಎಂದು ಅಪರೂಪಕ್ಕೆ ಒಂದು ಮಾತು ಎದುರಾಡಿ ಮಲಗಿದ. ದೊಡ್ಡಕ್ಕನಿಗೆ ಆ ಚಹಾಕ್ಕಿಂತ ಹೆಚ್ಚಾಗಿ ಕುಟುಕಿದ್ದು ನೀನು ಎಂಬ ಎರಡಕ್ಷರ. ಪಾತ್ರೆ ತೊಳೆಯುವಾಗಲೂ ಅದೇ. ನೀನು ಅಂದಳಲ್ಲ. ನನಗೆ!

ಮಾರನೆಯ ದಿನ ಮೊಬೈಲ್ ಅಂಗಡಿಯವನನ್ನು ಫೋನಿನಲ್ಲೇ ಹಿಡಿದು ಜಾಡಿಸಿದಳು. ಅವನು ನಿರಾಳವಾಗಿ, "ನನ್ನ ಹತ್ರ ಬಂದದ್ದೆಲ್ಲ ಒಂದೇ ಮಾಲು ಅಕ್ಕ, ಎಲ್ಲದಕ್ಕೂ ಒಂದೇ ಹೆಸರು. ಆ ಕಡೆಯದನ್ನ ಅಳಿಸಿ ಈ ಕಡೆಯದಕ್ಕೆ ಜೋಡಿಸಿಕೊಳ್ಳಿ. ಹಾಗೇ ಗುಪ್ತ ಸಂಖ್ಯೆ ಬದಲಾಯಿಸಿಬಿಡಿ, ಇಲ್ಲದಿದ್ರೆ ಅವರೂ ನಿಮ್ಮದಕ್ಕೆ ಕಳಿಸಬಹುದು," ಎಂದ. ಮೊದಲನೆಯದನ್ನು ಅವಳು ಮಾಡಿದಳು. ಎರಡನೆಯದಕ್ಕೆ ಬರುವಷ್ಟರಲ್ಲಿ ಹಾಳೆಯ ಇರುವೆ ಅಕ್ಷರ ಕಣ್ಣು ನೋಯಿಸಿತು. ಆಮೇಲೆ ನೋಡೋಣವೆಂದು ಬಿಟ್ಟಳು. ಡಬ್ಬಿ ಈಗ ಹೇಳಿದ ಮಾತು ಕೇಳುತ್ತಿತ್ತು. ಅಂಗಡಿಯ ಹೆಸರು, ಕೆಲಸ, ತಾರೀಕು ಎಲ್ಲ ಕಪ್ಪಗೆ, ಚೊಕ್ಕವಾಗಿ ಬಂತು. ಚೀಟಿಯ ಬೆಚ್ಚಗಿನ ತುದಿಯನ್ನು ಬೆರಳಲ್ಲಿ ಹಿಡಿದಾಗ ಅವಳಿಗೆ ಒಳಗೊಳಗೇ ಖುಷಿಯಾಯಿತು. ಆದರೆ ಮುಖ ಗಂಟು ಹಾಕಿಕೊಂಡೇ ಇದ್ದಳು. ಚಹಾದ ವಿಷಯ ಇನ್ನೂ ಮುಗಿದಿರಲಿಲ್ಲ.

ವಾರದ ಕೊನೆಗೆ ಬ್ಯಾಂಡ್ ಮೇಷ್ಟ್ರು ಕೆಲಸ ಎಷ್ಟಾಗಿದೆ ನೋಡಲು ಬಂದರು. ದೊಡ್ಡಕ್ಕನ ಪಾಲಿನ ಕೋಟುಗಳು ಬಹುಪಾಲು ಮುಗಿದು ಸಾಲಾಗಿ ತೂಗುತ್ತಿದ್ದವು. ಅವರು ತೋಳು ಎಳೆದು ನೋಡಿದರು, ಭುಜ ತಟ್ಟಿ ನೋಡಿದರು, ತಪ್ಪು ಸಿಗದೆ ಮೀಸೆ ತಿರುವಿದರು. "ಆಗಿರೋದಕ್ಕೆ ಬಿಲ್ ಕೊಡಿ. ಇವತ್ತೇ ಆಫೀಸಿಗೆ ಹಾಕ್ತೀನಿ."

ದೊಡ್ಡಕ್ಕ ಗತ್ತಿನಿಂದ ಫೋನು ಒತ್ತಿದಳು. ಡಬ್ಬಿ ಜರ್‌ರ್ ಎಂದು ಬಿಲ್ಲು ಕೊಟ್ಟಿತು. ಮೇಷ್ಟ್ರು ಹರಿದುಕೊಂಡು ಮಡಚುತ್ತಿದ್ದರು. ಅಷ್ಟರಲ್ಲಿ, ಯಾರೂ ಏನೂ ಒತ್ತದೆಯೇ, ಡಬ್ಬಿ ಮತ್ತೆ ಬಾಯಿ ತೆರೆಯಿತು. "ಇನ್ನೊಂದು ಪ್ರತಿನಾ? ಒಳ್ಳೇದೇ," ಎಂದು ಮೇಷ್ಟ್ರು ಅದನ್ನೂ ಹರಿದುಕೊಂಡರು. ಓದಿದರು. ಹುಬ್ಬು ಮೇಲೇರಿತು. ಕನ್ನಡಕ ಹಾಕಿಕೊಂಡು ಇನ್ನೊಮ್ಮೆ, ಈ ಸಲ ಗಟ್ಟಿಯಾಗಿ ಓದಿದರು.

"'ಎಚ್ಚರಿಕೆ. ಈ ಅಂಗಡಿಗೆ ಕೊಟ್ಟ ಕೋಟು ಬೆನ್ನು ಸುಟ್ಟು ವಾಪಸು ಬರಬಹುದು.'"

ದೊಡ್ಡಕ್ಕನ ರಕ್ತವೆಲ್ಲ ಮುಖಕ್ಕೆ ನುಗ್ಗಿತು. ಗೋಡೆಯ ಆಚೆ ಯಾರೋ ನಗು ತಡೆದುಕೊಂಡ ಸದ್ದು, ಅಥವಾ ಅವಳಿಗೆ ಹಾಗೆ ಕೇಳಿಸಿತು. ಕೈಗೆ ಸಿಕ್ಕ ಮರದ ಗಜಕೋಲಿನಿಂದ ಪ್ಲೈವುಡ್ಡಿಗೆ ಧಡಾರನೆ ಬಾರಿಸಿದಳು. "ಥೂ! ಮುಖ ಇದ್ದರೆ ಎದುರಿಗೆ ಬಾ! ಹೊಟ್ಟೆಕಿಚ್ಚಿನವಳೇ!"

"ಗೋಡೆ ಮುರಿದರೆ ನೀನೇ ಕಟ್ಟಿಸಿಕೊಡಬೇಕು!" ಎಂದು ಆಚೆಯಿಂದ ಬಂತು.

ಮೇಷ್ಟ್ರು ಚೀಟಿಯನ್ನು ಜೇಬಿಗಿಟ್ಟುಕೊಂಡು ತೂಗುಹಾಕಿದ್ದ ಕೋಟುಗಳನ್ನು ಒಂದೊಂದಾಗಿ ಇಳಿಸತೊಡಗಿದರು. "ಬೇಡ, ದೊಡ್ಡಕ್ಕ. ಯಾರು ಸುಟ್ಟರೋ ಯಾರು ಸುಡ್ತಾರೋ ನನಗೆ ಬೇಡದ ವಿಷಯ. ನನ್ನ ಕೋಟಿಗೆ ತಗಲಬಾರದು ಅಷ್ಟೆ." ಮುಗಿದದ್ದು, ಮುಗಿಯದ್ದು, ಎಲ್ಲವನ್ನೂ ತೋಳಿನ ಮೇಲೆ ಹೇರಿಕೊಂಡು ಹೊರಬಿದ್ದರು. ಪಕ್ಕದ ಬಾಗಿಲಲ್ಲಿ ಚಿಕ್ಕಕ್ಕ ಮುಖ ಅರಳಿಸಿಕೊಂಡು ನಿಂತಿದ್ದಳು. ಈ ಹೊರೆ ತನ್ನ ಕಡೆಗೇ ಬರುತ್ತಿದೆ ಎಂದು ಅವಳ ಲೆಕ್ಕ. ಮೇಷ್ಟ್ರು ಅವಳ ಕೈಗೆ ಕೊಡಲಿಲ್ಲ. ಅವಳನ್ನು ದಾಟಿ ಒಳಗೆ ಹೋಗಿ ಅಲ್ಲಿದ್ದ ಕೋಟುಗಳನ್ನೂ ಇಳಿಸತೊಡಗಿದರು.

"ಇದೇನು ಮೇಷ್ಟ್ರೇ? ನನ್ನದರಲ್ಲಿ ಏನು ತಪ್ಪಾಯ್ತು?"

"ಗಿರಾಕಿ ಕೈಗೆ ಇಂಥ ಚೀಟಿ ಕಳಿಸೋರನ್ನ ನಾನು ನಂಬಲಾ? ನಮ್ಮ ಡ್ರಮ್ಮಿನವನು ಮೊದಲೇ ಅಂದಿದ್ದ, ಅವರು ಹರಕಿಗೆ ತೇಪೆ ಹಾಕೋ ಹೆಂಗಸರು, ಕೋಟು ಅವರಿಗೆ ದಕ್ಕೋ ಕೆಲಸ ಅಲ್ಲ ಅಂತ. ಅವನ ಮಾತು ಕೇಳಬೇಕಿತ್ತು."

ಇಬ್ಬರೂ ವಾರಗಿತ್ತಿಯರು ಅವರವರ ಬಾಗಿಲಲ್ಲಿ ನಿಂತಿದ್ದರು. ತೇಪೆ ಎಂಬ ಮಾತು ಇಬ್ಬರ ಕಿವಿಗೂ ಒಟ್ಟಿಗೇ ಬಿತ್ತು. ಮೊದಲು ಬೀದಿಗಿಳಿದವಳು ದೊಡ್ಡಕ್ಕ.

"ಏನಂದ್ರಿ? ತೇಪೆನಾ? ಮೇಷ್ಟ್ರೇ, ಈಗ ಮೈಮೇಲೆ ಹಾಕ್ಕೊಂಡಿದ್ದೀರಲ್ಲ, ಆ ಕೋಟು ಬಿಗಿಯಾಯ್ತು ಅಂದಾಗಲೆಲ್ಲ ಪಕ್ಕ ಬಿಚ್ಚಿ ಸಡಿಲ ಮಾಡಿಕೊಟ್ಟವಳು ಯಾರು? ಡ್ರಮ್ಮಿನವನಾ?"

"ತಡಿ," ಎಂದಳು ಚಿಕ್ಕಕ್ಕ. "ಪಕ್ಕ ಬಿಚ್ಚಿದ್ದು ನೀನಾ? ಅದೇ ಕೋಟಿನ ಬೆನ್ನು ಬಿಚ್ಚಿದ್ದು ನಾನು! ಆವಾಗ ಇವರು, ಬೇರೆ ಯಾರೂ ಇದಕ್ಕೆ ಕೈ ಹಚ್ಚಿಲ್ಲ ಅಂದಿದ್ರು."

"ನನ್ನ ಹತ್ರಾನೂ ಅದೇ ಅಂದಿದ್ರು."

ಇಬ್ಬರೂ ಮೇಷ್ಟ್ರತ್ತ ತಿರುಗಿದರು. ಮೇಷ್ಟ್ರು ಅರಿವಿಲ್ಲದೆಯೇ ಹೊಟ್ಟೆಯನ್ನು ಒಳಗೆಳೆದುಕೊಂಡರು.

"ಆ ಕಡೆ ಈ ಕಡೆ ಸುತ್ತಿ, ಇಬ್ಬರ ಬಾಯಿಂದಲೂ ರೇಟು ಕಡಿಮೆ ಮಾಡಿಸಿಕೊಳ್ತಿದ್ರಿ ಅನ್ನಿ," ಎಂದಳು ದೊಡ್ಡಕ್ಕ.

"ಒಬ್ಬಳು ಒಪ್ಪಿದಳು, ನೀನು ಒಪ್ಪಲ್ವಾ ಅಂತ ನನ್ನನ್ನ ಹೆದರಿಸ್ತಿದ್ರು," ಎಂದಳು ಚಿಕ್ಕಕ್ಕ. "ಮೊನ್ನೆ ಅರ್ಧ ಕೋಟು ಕೊಟ್ಟು ಏನಂದ್ರಿ? ಎಲ್ಲ ನಿನಗೇ ಚಿಕ್ಕಕ್ಕ, ಇನ್ನರ್ಧ ನಾಳೆ ತರ್ತೀನಿ ಅಂದ್ರಿ!"

"ಇನ್ನು ಬಿಚ್ಚೋಕೆ ಆ ಕೋಟಲ್ಲಿ ಬಟ್ಟೆನೇ ಉಳಿದಿಲ್ಲ. ಮುಂದಿನ ಸಲ ನಿಮ್ಮನ್ನೇ ಬಿಚ್ಚಬೇಕು!"

ಎದುರಿನ ಹಾರ್ಡ್‌ವೇರ್ ಅಂಗಡಿಯವನು ನಗುತ್ತ ಹೊರಗೆ ಬಂದ. ದಾರಿಹೋಕರು ನಿಂತರು. ಅಣ್ಣತಮ್ಮಂದಿರಿಬ್ಬರೂ ಹಿಂದಿನ ಬಾಗಿಲಿಂದ, ಕೈಯಲ್ಲಿ ಚಹಾದ ಲೋಟ ಹಿಡಿದೇ ಓಡಿಬಂದು, ಏನು ಮಾಡಬೇಕೆಂದು ತೋಚದೆ ಜಾರುತ್ತಿದ್ದ ಕೋಟುಗಳನ್ನು ಹಿಡಿದುಕೊಂಡು ನಿಂತರು. ಮೇಷ್ಟ್ರಿಗೆ ಒಬ್ಬಳ ಬಾಯಿ ತಡೆಯುವುದೇ ಕಷ್ಟ. ಎರಡೂ ಒಟ್ಟಿಗೆ ತೆರೆದಾಗ ಅವರ ಕಹಳೆಯ ಉಸಿರೂ ಸಾಲಲಿಲ್ಲ. "ಆಯ್ತಮ್ಮಾ, ಆಯ್ತು!" ಎಂದು ಕೈ ಎತ್ತಿದರು. "ಕೋಟು ಇಲ್ಲೇ ಇರಲಿ. ಮೆರವಣಿಗೆ ಹತ್ತಿರ ಬಂತು, ಈಗ ಬೇರೆ ಕಡೆ ಕೊಟ್ಟರೆ ಆಗೋದೂ ಇಲ್ಲ. ಆದರೆ ಈ ಎರಡೆರಡು ಚೀಟಿ ನನಗೆ ಬೇಡ. ಎಲ್ಲದಕ್ಕೂ ಸೇರಿಸಿ ಒಂದೇ ಬಿಲ್ ಕೊಡಿ. ಒಂದೇ! ಅದರಲ್ಲಿ ಬೈಗುಳ ಇರಬಾರದು."

ಒಂದೇ ಬಿಲ್ಲು ಎಂದರೆ ಯಾರ ಡಬ್ಬಿಯಲ್ಲಿ? ಅಲ್ಲಿಗೆ ಇಬ್ಬರ ಒಗ್ಗಟ್ಟು ಮುರಿಯಿತು.

"ನನ್ನದು ಹೊಸದು," ಎಂದಳು ದೊಡ್ಡಕ್ಕ.

"ನನ್ನದು ಮೊದಲಿಂದ ಇದೆ. ನನ್ನದನ್ನ ನೋಡಿ ನೀನು ತಂದದ್ದು."

"ಹಾಗಾದ್ರೆ ನಿನ್ನದರಲ್ಲೇ ಹೊಡಿ, ಕಾಗದ ಇದೆಯಾ?"

ಇರಲಿಲ್ಲ. ಸುರುಳಿ ತರಿಸಲು ಹೇಳಿದ್ದಳು, ಇನ್ನೂ ಬಂದಿರಲಿಲ್ಲ. ದೊಡ್ಡಕ್ಕ ಗೆದ್ದವಳಂತೆ ತನ್ನ ಡಬ್ಬಿಯನ್ನು ಬೀದಿಗೇ ತಂದು ಹಾರ್ಡ್‌ವೇರ್ ಅಂಗಡಿಯ ಕಟ್ಟೆಯ ಮೇಲೆ ಇಟ್ಟಳು. ಆದರೆ ತಲೆಬರಹದಲ್ಲಿ ಅವಳ ಅಂಗಡಿಯ ಹೆಸರು ಕಂಡದ್ದೇ ಚಿಕ್ಕಕ್ಕ ಅವಳ ಕೈಯಿಂದ ಫೋನು ಕಸಿದಳು. "ನಿನ್ನ ಹೆಸರಲ್ಲಿ ನನ್ನ ಕೆಲಸ ಹೋಗಬೇಕಾ? ಆಗಲ್ಲ." ಅದನ್ನು ಅಳಿಸಿ ತನ್ನದನ್ನು ಬರೆದಳು. ದೊಡ್ಡಕ್ಕ ಫೋನು ಕಸಿದು ಅದನ್ನೂ ಅಳಿಸಿದಳು. ಹಾಗೆ ಅತ್ತಿತ್ತ ಎಳೆದಾಡಿದರು. ಕೊನೆಗೆ ಚಿಕ್ಕಕ್ಕನ ಗಂಡ, ಅದುವರೆಗೆ ಒಂದು ಮಾತೂ ಆಡದವನು, "ಹೆಸರೇ ಬೇಡ, ಹಾಗೇ ಒತ್ತಿ ಅತ್ತಿಗೆ, ಮೇಷ್ಟ್ರು ಮನೆಗೆ ಹೋಗಬೇಕು," ಎಂದ. ತಲೆಬರಹವಿಲ್ಲದ ಬಿಲ್ಲು ಬಂತು. ಮೇಷ್ಟ್ರು ಅದನ್ನು ಹಿಂದೆ ಮುಂದೆ ತಿರುಗಿಸಿ ನೋಡಿ, ಬೇರೆ ಮಾತಿಗೆ ಆಸ್ಪದ ಕೊಡದೆ ಬಿರಬಿರನೆ ನಡೆದರು.

ಬೀದಿ ಖಾಲಿಯಾಯಿತು. ಕೋಟುಗಳನ್ನು ಪಾಲು ಮಾಡಿಕೊಳ್ಳಲು ಇಬ್ಬರೂ ಕಟ್ಟೆಯ ಹತ್ತಿರ ನಿಂತರು. ಯಾವುದು ಯಾರದೆಂದು ಹೊಲಿಗೆ ನೋಡಿದೊಡನೆ ಇಬ್ಬರಿಗೂ ತಿಳಿಯುತ್ತಿತ್ತು. ಆದ್ದರಿಂದ ಅದಕ್ಕಾಗಿ ಜಗಳವಾಡಬೇಕಾಗಲಿಲ್ಲ. ಚಿಕ್ಕಕ್ಕ ತನ್ನ ರಾಶಿಯನ್ನು ಎತ್ತಿಕೊಂಡಳು.

"ಇವತ್ತು ನಿನ್ನ ಜೊತೆ ನಿಂತೆ ಅಂತ ಏನೂ ಬದಲಾಗಲ್ಲ," ಎಂದಳು.

"ಬದಲಾಗಲಿ ಅಂತ ಇಲ್ಲಿ ಯಾರು ಕಾಯ್ತಿದ್ದಾರೆ?"

"ಸುಟ್ಟದ್ದು ನೀನೇ."

"ನೀನೇ. ಇನ್ನೊಂದು ಮಾತು ಕೇಳು. ನನ್ನನ್ನ ನೀನು ಅಂತ ಕರೀಬೇಡ."

ಚಿಕ್ಕಕ್ಕ ತನ್ನ ಬಾಗಿಲಲ್ಲಿ ತಿರುಗಿ ನಿಂತಳು. "ನೀವು ಅಂದ್ರೆ ಇನ್ನೂ ಜಾಸ್ತಿ ಉರೀತೀಯ. ನಾನು ನೋಡಿದೀನಿ," ಎಂದು ಒಳಗೆ ಹೋದಳು. ಅದು ನಿಜವಾಗಿತ್ತು.

ಆ ಮಧ್ಯಾಹ್ನ ಅವಳು ಕಣ್ಣಿಗೆ ಕನ್ನಡಕ ಏರಿಸಿ, ಹಾಳೆಯ ಇರುವೆ ಅಕ್ಷರವನ್ನು ಬೆರಳಿಟ್ಟು ಓದಿ, ಗುಪ್ತ ಸಂಖ್ಯೆಯನ್ನು ಬದಲಾಯಿಸಿದಳು. ಆಚೆಯಿಂದ ಯಾರೂ ಇನ್ನು ನುಸುಳುವಂತಿರಲಿಲ್ಲ. ಚಿಕ್ಕಕ್ಕನೂ ತನ್ನದನ್ನು ಬದಲಾಯಿಸಿಕೊಂಡಳೆಂದು ಗಂಡ ಸುದ್ದಿ ತಂದ. ಸುದ್ದಿ ಎಲ್ಲಿಂದ ಬಂತೆಂದು ದೊಡ್ಡಕ್ಕ ಕೇಳಲಿಲ್ಲ.

ಗೋಡೆ ಹಾಗೇ ಇದೆ, ರೆಗ್ಯುಲೇಟರ್ ಇದ್ದಲ್ಲೇ ಇದೆ. ಆದರೆ ಒಮ್ಮೆ ಬಾಯಿ ತೆರೆದ ಮೇಲೆ ಇಬ್ಬರಿಗೂ ಅದನ್ನು ಮುಚ್ಚಲಾಗಲಿಲ್ಲ. ಫ್ಯಾನು ನಿಂತರೆ ಈಗ ಸ್ವಿಚ್ಚು ಟಪ್ಪೆನ್ನುವುದಕ್ಕೆ ಮೊದಲು ಬೈಗುಳ ಬರುತ್ತದೆ. ಬೈಗುಳಕ್ಕೆ ಬೈಗುಳ ಹೋಗುತ್ತದೆ. ಯಾರ ಗಿರಾಕಿ ಯಾರ ಕಡೆ ಹೋದ, ಯಾರ ಮಿಷನ್ನಿನ ಸದ್ದಿಗೆ ಯಾರ ತಲೆನೋವು ಏರಿತು, ಯಾರ ಹೊಲಿಗೆ ಒಂದು ಒಗೆತಕ್ಕೆ ಬಿಚ್ಚುತ್ತದೆ, ಎಲ್ಲ ಪ್ಲೈವುಡ್ಡಿನ ಮೂಲಕ ಬೆಳಿಗ್ಗೆಯಿಂದ ಸಂಜೆವರೆಗೆ ನಡೆದೇ ಇರುತ್ತದೆ. ಕಾದು ಕೂತ ಗಿರಾಕಿಗಳು ನಡುನಡುವೆ ನಕ್ಕರೆ ಇಬ್ಬರೂ ಅವರನ್ನೇ ಗದರುತ್ತಾರೆ.

ಹೀಗೆ ಕೆಲವು ದಿನ ಕಳೆದ ಮೇಲೆ, ಕಿವಿಗೆ ಹತ್ತಿ ಇಟ್ಟುಕೊಂಡು ಕಾಜ ಹೊಡೆಯುತ್ತಿದ್ದ ಗಂಡ, "ಮೊದಲೇ ಚೆನ್ನಾಗಿತ್ತು ಮಾರಾಯ್ತಿ. ನಾನೂ ಅವನೂ ನೆಮ್ಮದಿಯಾಗಿ ಚಹಾ ಕುಡೀತಿದ್ವಿ," ಎಂದ.

"ಹೋಗಿ, ಈಗಲೂ ಕುಡೀರಿ, ಯಾರು ಬೇಡ ಅಂದ್ರು?" ಎಂದಳು ದೊಡ್ಡಕ್ಕ. ಆಮೇಲೆ ಗೋಡೆಯ ಕಡೆ ಮುಖ ಮಾಡಿ ಗಟ್ಟಿಯಾಗಿ, "ಸಕ್ಕರೆ ಕಮ್ಮಿ ಹಾಕೋಕೆ ಹೇಳಿ ಅವಳಿಗೆ! ಇವರ ಮೈಗೆ ಆಗಲ್ಲ ಅಂತ ಗೊತ್ತಿದ್ದೂ ಸುರೀತಾಳೆ!" ಎಂದಳು.

"ನಿನ್ನ ಮನೇಲಿ ಸಿಗದೇ ಇದ್ದದ್ದಕ್ಕೇ ಇಲ್ಲಿಗೆ ಬರ್ತಾರೆ!" ಎಂದು ಆಚೆಯಿಂದ ಬಂತು.

ದೊಡ್ಡಕ್ಕ ಸೂಜಿಯನ್ನು ಬಟ್ಟೆಗೆ ಚುಚ್ಚಿಟ್ಟು, ಉತ್ತರ ಕೊಡಲು ಸ್ಟೂಲನ್ನು ಗೋಡೆಯ ಹತ್ತಿರಕ್ಕೆ ಎಳೆದುಕೊಂಡಳು.